ಎರಡು ಮೂವತ್ತೆಂಟನೇ ಪುಟಗಳು

ಕಳೆದ ವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಬ್ಬಾತ ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದ. ಅವನ ಬಕೆಟ್ಟಿನಿಂದ ಮೈದಾ ಅಂಟಿನ ಹುಳಿ ವಾಸನೆ ಬಂತು ನೋಡಿ, ಸೊಪ್ಪು ಕೊಳ್ಳಲು ಹೋದವನು ಸೊಪ್ಪು ಮರೆತು ನಿಂತುಬಿಟ್ಟೆ. ನಿಮಗೆ ಆ ವಾಸನೆಯಿಂದ ಏನು ನೆನಪಾಗುತ್ತದೋ ಕಾಣೆ. ನನಗಂತೂ ಕದ್ದು ಸಿಕ್ಕಿಬಿದ್ದವನ ಹಾಗೆ ಆಗಿಬಿಡುತ್ತದೆ. ಕಾರಣ, ನಮ್ಮ ದೊಡ್ಡಪ್ಪನ ಬೈಂಡು ಪುಸ್ತಕ.

ನಾನು ಓದಿ ಬೆಳೆದದ್ದು ತ್ಯಾಗರಾಜನಗರದ ದೊಡ್ಡಪ್ಪನ ಮನೆಯಲ್ಲಿ. ವಾರಪತ್ರಿಕೆಯ ಕಥೆಗಳಲ್ಲಿ ಅವರಿಗೆ ಎರಡೇ ಬಗೆ ಇಷ್ಟ. ಒಂದು, ಆಕಾಶನೌಕೆ, ಯಂತ್ರಮಾನವರ ವೈಜ್ಞಾನಿಕ ಕಥೆ. ಇನ್ನೊಂದು, ಮಾಟಗಾತಿ, ಮಾತಾಡುವ ಮರಗಳ ಮಾಯಾಲೋಕದ ಕಥೆ. "ಅತ್ತೆ ಸೊಸೆ ಜಗಳಕ್ಕೆ ಪತ್ರಿಕೆ ಯಾಕೆ ಬೇಕು, ಕಿಟಕಿ ತೆಗೆದ್ರೆ ಸಾಕು" ಎನ್ನುತ್ತಿದ್ದರು. ವಿಚಿತ್ರವೆಂದರೆ, ಆ ಕಥೆಗಳನ್ನು ಬಂದ ವಾರ ಅವರು ಓದುತ್ತಲೇ ಇರಲಿಲ್ಲ. ಕತ್ತರಿಸಿ ಟ್ರಂಕಿನಲ್ಲಿಟ್ಟು, ವರ್ಷಕ್ಕೊಮ್ಮೆ ಬೈಂಡು ಮಾಡಿಸಿ, ಆಮೇಲೆ ಭಾನುವಾರಕ್ಕೊಂದರಂತೆ ಮನೆಮಂದಿಗೆಲ್ಲ ಗಟ್ಟಿಯಾಗಿ ಓದುವುದು. ಬಿಡಿ ಹಾಳೆ ಓದುವುದೆಂದರೆ ಅವರ ಪ್ರಕಾರ ಒಲೆ ಮೇಲಿನ ಪಾತ್ರೆಗೇ ಕೈ ಹಾಕಿ ತಿಂದ ಹಾಗೆ. ಯಾರೂ ಓದಕೂಡದು.

ನಾನು ಓದುತ್ತಿದ್ದೆ. ಹಾಳೆ ಜೋಡಿಸುವ ಕೆಲಸ ನನ್ನದೇ ತಾನೆ!

ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಡುಮನೆಯಲ್ಲಿ ಹಾಳೆ ಹರಡಿಕೊಂಡು ಕೂತಿದ್ದಾಗ ಗೆಳೆಯರು ಕ್ರಿಕೆಟ್ಟಿಗೆ ಕೂಗಿದರು. ಎರಡು ಕಥೆಗಳು ಅರ್ಧಕ್ಕೆ ನಿಂತು, 'ಮುಂದಿನ ಭಾಗ ಮೂವತ್ತೆಂಟನೇ ಪುಟದಲ್ಲಿ' ಎನ್ನುತ್ತಿದ್ದವು. ಬೇರೆ ಬೇರೆ ವಾರದವು, ಹಾಗಾಗಿ ಮೂವತ್ತೆಂಟನೇ ಪುಟಗಳೂ ಎರಡಿದ್ದವು. ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದರ ಹಿಂದೆ ಇಟ್ಟು ಓಡಿದೆ.

ಪುಸ್ತಕ ಮೈದಾ ಅಂಟಿನ ವಾಸನೆ ಹೊತ್ತು ಬೈಂಡಾಗಿ ಬಂದ ಮೊದಲ ಭಾನುವಾರವೇ ದೊಡ್ಡಪ್ಪ ಆಕಾಶನೌಕೆಯ ಕಥೆ ತೆಗೆದರು. ನೌಕೆ ಕೆಟ್ಟು, ದಾರಿ ತಪ್ಪಿ, ಒಬ್ಬಂಟಿ ಯಾತ್ರಿಕ ಕೊನೆಗೆ ಎದ್ದು ಬಾಗಿಲು ತೆಗೆಯುತ್ತಾನೆ. ಪುಟ ತಿರುಗಿತು. ಒಳಗೆ ಒಲೆ ಉರಿಯುತ್ತಿದೆ! ಒಬ್ಬ ಅಜ್ಜಿ, ತಿರುಗಿ ಕೂಡ ನೋಡದೆ, "ಇಷ್ಟು ಹೊತ್ತಾ? ಕೈ ತೊಳ್ಕೊಂಡು ಬಾ, ಎಲೆ ಹಾಕಿದೀನಿ" ಎನ್ನುತ್ತಾಳೆ. ಅದು ಕಾಡಿನ ಅಂಚಿನಲ್ಲಿ ಯಾರು ಬಂದರೂ ಬಡಿಸುವ ಮಾಯದ ಅಜ್ಜಿಯ ಕಥೆ. ನಾನು ಹಾಳೆ ಅದಲುಬದಲು ಮಾಡಿಬಿಟ್ಟಿದ್ದೆ.

ದೊಡ್ಡಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥಾ ತಲೆ ಕಣೋ ಈ ಮನುಷ್ಯಂದು! ನಕ್ಷತ್ರದ ಆಚೆ ಅಡುಗೆಮನೆ ಇಟ್ಟಿದಾನಲ್ಲೋ!" ದೊಡ್ಡಮ್ಮ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ಅಲ್ಲಿಂದಾಚೆ ಪಾರ್ಕಿನಲ್ಲಿ, ಮದುವೆಮನೆಯಲ್ಲಿ, ಕೇಳಿದವರಿಗೂ ಕೇಳದವರಿಗೂ ಅದೇ ಕಥೆ. ಇನ್ನೊಂದರ ಗತಿ ಕೇಳಬೇಡಿ. ಅದರಲ್ಲಿ ಹಸಿದು ಬಂದವನೊಬ್ಬ ಅಜ್ಜಿಯ ಮನೆ ಬಾಗಿಲು ತೆಗೆದರೆ ಆಚೆ ಬರೀ ಕತ್ತಲು, ಆಮ್ಲಜನಕ ಮುಗಿದು ಯಾವನೋ ಯಾತ್ರಿಕ ಸಾಯುತ್ತಾನೆ. "ತಲೆ ಕೆಟ್ಟೋನು ಯಾವನೋ ಬರ್ದಿರೋದು" ಎಂದು ದೊಡ್ಡಪ್ಪ ಅದನ್ನು ಮತ್ತೆ ತೆಗೆಯಲಿಲ್ಲ. ನಾನು ನಿಜ ಹೇಳಬೇಕಿತ್ತು. ಹೇಳಿದರೆ ಬಿಡಿ ಹಾಳೆ ಓದಿದ್ದೂ ಹೊರಬೀಳುತ್ತಿತ್ತು. ಆಮೇಲಾಮೇಲೆ ಅವರ ಖುಷಿ ನೋಡಿ ಹೇಳುವ ಧೈರ್ಯ ಇನ್ನಷ್ಟು ಉಡುಗಿತು. ಹೀಗೆ ಪುಕ್ಕಲನಾಗಿಯೇ ಕೂದಲು ನೆರೆಯಿತು.

ಅವತ್ತು ಪೋಸ್ಟರಿನ ಮುಂದೆ ನಿಂತವನಿಗೆ, ಇನ್ನು ತಡ ಮಾಡಿದರೆ ಹೇಳಲು ದೊಡ್ಡಪ್ಪನೇ ಇರುವುದಿಲ್ಲ ಅನ್ನಿಸಿ ಭಯವಾಯಿತು. ಅವರು ಈಗ ಜೆ.ಪಿ. ನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ತೊಂಬತ್ತರ ಹತ್ತಿರ, ಕಣ್ಣು ಮಂಜು. ಆಟೊ ಹತ್ತಿದೆ.

ನನ್ನ ದನಿ ಕೇಳಿದ್ದೇ, "ಬಂದ್ಯಾ? ಆ ಪುಸ್ತಕ ತಗೊಂಡು ನಮ್ಮ ಯಾತ್ರಿಕನ ಕಥೆ ಓದು" ಎಂದರು.

ಬಾಗಿಲಿನ ತನಕ ಓದಿದೆ. ಪುಟ ತಿರುಗಿಸದೆ ನಿಲ್ಲಿಸಿದೆ.

"ದೊಡ್ಡಪ್ಪ, ಇದು ಒಂದು ಕಥೆ ಅಲ್ಲ. ಎರಡು. ಹಾಳೆ ಅದಲುಬದಲು ಮಾಡಿದ್ದು ನಾನೇ."

ನಾನು ಬೈಗುಳಕ್ಕೆ ಕಾದೆ.

"ಹಾಗಾದ್ರೆ ಆ ಇನ್ನೊಂದ್ರಲ್ಲಿ ಉಸಿರು ಕಟ್ಟಿ ಸತ್ತೋನು ಇವನೇನಾ?"

"ಹೂಂ, ದೊಡ್ಡಪ್ಪ."

"ಅಯ್ಯೋ ಪಾಪ. ನಮ್ಮೋನೇ ಅಂತ ಗೊತ್ತಾಗ್ಲಿಲ್ವಲ್ಲೋ."

ನನಗೆ ಅಳು ಬಂತು. ಅವರೇ ಕೈ ಚಾಚಿ ನನ್ನ ಮೊಣಕಾಲು ತಡವಿದರು. "ಅಂದ್ರೆ ಬಿಡಿ ಹಾಳೆ ಓದ್ತಿದ್ದೆ ಅಂತಾಯ್ತು. ಕಳ್ಳ!"

"ಈಗ ಸರಿಯಾಗಿ ಜೋಡಿಸಿ ಬೈಂಡ್ ಮಾಡಿಸ್ಕೊಂಡು ಬರ್ಲಾ?"

"ಏನೂ ಬೇಡ. ಅವನು ಊಟ ಮಾಡ್ಲಿ. ನೀನು ಓದು."

ಪುಟ ತಿರುಗಿಸಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅಳುಕಿಲ್ಲದೆ, ಅಜ್ಜಿಯ ಮಾತು ಓದಿದೆ.

"ಇಷ್ಟು ಹೊತ್ತಾ? ಕೈ ತೊಳ್ಕೊಂಡು ಬಾ, ಎಲೆ ಹಾಕಿದೀನಿ."