ಇನ್ನೂ ಹೊತ್ತಿದೆ ಅತ್ತೆ

ಹಳೇಬೀಡಿನ ಬಸದಿ ಬೀದಿಯಲ್ಲಿ ಧರ್ಮಾವತಮ್ಮ ತಟ್ಟೆ ತೊಳೆದ ಸದ್ದು ಕೇಳಿಯೇ ನಾವು ಅಕ್ಕಪಕ್ಕದವರು ದನ ಕಟ್ಟುತ್ತಿದ್ದೆವು. ಹೊತ್ತು ಮುಳುಗಿದ ಮೇಲೆ ತುತ್ತೆತ್ತುವುದಿಲ್ಲವೆಂದು ಮದುವೆಗೆ ಮುಂಚೆಯೇ ವ್ರತ ಹಿಡಿದಿದ್ದ ಜೈನರ ಹೆಣ್ಣುಮಗಳು. ಬಾಣಂತನದಲ್ಲೂ ಬಿಟ್ಟವರಲ್ಲ.

ಕೈಬಿಟ್ಟದ್ದು ಮೈ. ವಯಸ್ಸು ಎಪ್ಪತ್ತೆಂಟಾಗುವ ಹೊತ್ತಿಗೆ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ತಿಳಿಯದಷ್ಟು ಮಬ್ಬು. ಹಿತ್ತಲಿಂದ ಅಡಿಗೆಮನೆಗೆ ಬರಲು ಗೋಡೆ ಹಿಡಿಯಬೇಕು, ನಿಲ್ಲಬೇಕು, ಸುಧಾರಿಸಿಕೊಳ್ಳಬೇಕು. ಹಲ್ಲಿಲ್ಲದ ಬಾಯಲ್ಲಿ ತುತ್ತು ಇನ್ನೂ ಹೊರಳುತ್ತಿರುವಾಗಲೇ ಸೂರ್ಯ ಇಳಿದುಬಿಡುತ್ತಿದ್ದ. ಅವನಿಗೆ ಅದೇನು ಅವಸರವೋ! ಅರ್ಧ ಊಟಕ್ಕೇ ಎದ್ದುಬಿಡುವರು. ಬೇಗ ಕೂರಿಸಿದರೆ ಮಧ್ಯಾಹ್ನದ್ದೇ ಅರಗಿಲ್ಲವೆನ್ನುವರು. ರವಿಕೆ ಹೆಗಲಿಂದ ಜಾರತೊಡಗಿತು.

ಸೊಸೆ ತ್ರಿಶಲಾ ಬೇಲೂರಿನ ಡಾಕ್ಟರಿಗೆ ತೋರಿಸಿದಳು. ಅವರು ತೂಕ ನೋಡಿದರು, ಬಿಪಿ ನೋಡಿದರು, ತಮ್ಮ ಬೆರಳು ಹಿಡಿದು ಹಿಸುಕಲು ಹೇಳಿದರು. "ಕಾಯಿಲೆ ಏನಿಲ್ಲ, ಊಟ ಸಾಲದು. ರಾತ್ರಿ ಮಲಗುವಾಗ ಒಂದು ಲೋಟ ಹಾಲು ಕೊಡಿ" ಎಂದರು. ರಾತ್ರಿಯಂತೆ!

ಮಾರನೆಯ ಸಂಜೆ ತುತ್ತು ತಡೆದು ಅತ್ತೆ ಕೇಳಿದರು, "ಹೊತ್ತು ಮುಳುಗಿತೇನೇ?"

"ಇನ್ನೂ ಹೊತ್ತಿದೆ ಅತ್ತೆ, ಊಟ ಮಾಡಿ."

ಹೊರಗೆ ಕತ್ತಲಾಗಿತ್ತು. ಅಂದಿನಿಂದ ಅತ್ತೆಯ ಊಟ ಮುಗಿಯುವವರೆಗೆ ಆ ಮನೆಯಲ್ಲಿ ದೀಪ ಹಾಕುತ್ತಿರಲಿಲ್ಲ. ಸ್ವಿಚ್ಚಿನ ಸದ್ದು ಕೇಳಿದರೆ ಸುಳ್ಳು ಬಯಲಾಗುತ್ತದಲ್ಲ. ತ್ರಿಶಲಾ ತಡಕಾಡಿಯೇ ಬಡಿಸುವಳು. ಅತ್ತೆಯ ಕೆನ್ನೆ ತುಸು ತುಂಬಿಕೊಂಡಿತು, ಸೊಸೆಗೆ ನಿದ್ದೆ ಹೋಯಿತು.

ದಿನವೂ ತಡವಾಗಿ ಬರುವ ಮಗ ಅಜಿತ್ ಕುಮಾರ್ ಒಂದು ಸಂಜೆ ಬೇಗ ಅಂಗಡಿ ಮುಚ್ಚಿ ಬಂದ. ಹೊಸಿಲ ಬಳಿಯ ಚೊಂಬು ಎಡವಿ ಕೂಗಿದ, "ಇಷ್ಟು ಕತ್ತಲಾಗಿದೆ, ದೀಪ ಹಾಕೋಕೆ ಏನೇ ನಿಂಗೆ ರೋಗ?"

ಅತ್ತೆಯ ಕೈ ಬಾಯಿಯ ಹತ್ತಿರ ನಿಂತಿತು. ತ್ರಿಶಲಾ, "ತಪ್ಪಾಯ್ತು ಅತ್ತೆ" ಎಂದು ಅಳತೊಡಗಿದಳು.

"ಅಳಬೇಡ. ನಂಗೆ ಮೊದಲನೇ ದಿನಾನೇ ಗೊತ್ತಿತ್ತು ಕಣೇ. ಹೋಗಿರೋದು ಕಣ್ಣು, ಸೊಳ್ಳೆ ಕಚ್ಚೋದು ಗೊತ್ತಾಗಲ್ವೇ? ಹಸಿವಾಗ್ತಿತ್ತು. ನೀನು ಹೇಳ್ದೆ, ನಾನು ನಂಬ್ದೆ."

ತುತ್ತನ್ನು ತಟ್ಟೆಗಿಳಿಸಿದರು. ಮೈಯೊಂದಿಗೆ ಜಗಳವಾಡಿ ಅವರಿಗೂ ಸಾಕಾಗಿತ್ತು.

"ದೀಪ ಹಾಕು. ಕತ್ತಲಲ್ಲಿ ಉಣ್ಣಬಾರದು ಅಂದಿರೋದು ಹುಳಹುಪ್ಪಟೆ ಸಾಯ್ತಾವೆ ಅಂತ. ನಂಗಂತೂ ಕಾಣಲ್ಲ. ತಟ್ಟೇಲಿ ಏನಾದ್ರೂ ಬಿದ್ದಿದ್ಯಾ, ನೀನೇ ನೋಡಿ ಹೇಳು. ಈ ಸಲ ಮಾತ್ರ ನಿಜ ಹೇಳು."