ನಾನು ತೆಗೆಸಿದ ಹಾಡು

ನನ್ನ ಮೊಮ್ಮಗಳ ಹಾಡಿನ ಸಿ.ಡಿ. ಓಡದೆ ಹೋದದ್ದು ನನ್ನಿಂದ. ಹೆಣ್ಣುಹುಡುಗಿ ರಾಪ್ ಹಾಡಿದರೆ ಯಾರು ಕೇಳುತ್ತಾರೆ, ಕನ್ನಡದಲ್ಲಿ ಅದೆಲ್ಲ ಓಡುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಇವತ್ತಿಗೂ ಹೇಳುತ್ತಾರೆ. ನಾನೂ ಬಹಳ ದಿನ ಹಾಗೇ ಹೇಳಿಕೊಂಡು ತಿರುಗಿದೆ. ಅದು ಸುಳ್ಳು.

ಗೋವಿಂದರಾಜನಗರದಲ್ಲಿ ನಮ್ಮದು ಸಣ್ಣ ಜಾಗ. ಮುಂದೆ ನಾವು, ಹಿಂದೆ ಎರಡು ಬಾಡಿಗೆ ಮನೆ. ಮೂರಕ್ಕೂ ಸೇರಿ ಅಂಗಳದಲ್ಲಿ ಒಂದೇ ನಲ್ಲಿ. ನೀರು ದಿನ ಬಿಟ್ಟು ದಿನ ಬೆಳಿಗ್ಗೆ ಬರುತ್ತಿತ್ತು, ಒಂದು ಗಂಟೆ ನಿಂತರೆ ಪುಣ್ಯ. ಮೊದಲು ಓನರ್ ಮನೆಯ ಡ್ರಮ್ಮು, ಬಿಂದಿಗೆ, ಬಕೆಟ್ಟು ಎಲ್ಲ ತುಂಬಬೇಕು. ಆಮೇಲೆ ಬಾಡಿಗೆಯವರು. ಇದು ನಾನು ಮಾಡಿದ ಕಾನೂನು. ಬೀದಿಯ ಬೇರೆ ಓನರುಗಳ ಮನೆಯಲ್ಲೂ ಹಾಗೇ ಇತ್ತು. ಅದರಲ್ಲಿ ತಪ್ಪಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಹೇಳುವ ಧೈರ್ಯ ಯಾರಿಗಿತ್ತು?

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಮೊಮ್ಮಗಳನ್ನು ಸಾಕಿದ್ದು ನಾನೇ. ಬಿ.ಕಾಂ. ಕೊನೆಯ ವರ್ಷದಲ್ಲಿ ಅವಳಿಗೆ ಈ ಹಿಪ್-ಹಾಪ್ ಹಿಡಿಯಿತು. ಅವಳ ಜೊತೆ ಓದುವ ಇಬ್ಬರು ಹುಡುಗರು ಹೊಸಹಳ್ಳಿಯಲ್ಲಿ ಒಂದು ಮಹಡಿ ರೂಮಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಗೋಡೆಗೆ ಹಳೇ ಹಾಸಿಗೆ ನೇತುಹಾಕಿ, ರೆಕಾರ್ಡಿಂಗ್ ಮಾಡುತ್ತಿದ್ದರು. ಹುಡುಗಿ ಹೋಗುವ ಜಾಗ ಹೇಗಿದೆ ನೋಡಬೇಕಲ್ಲ, ಒಂದು ದಿನ ನಾನೂ ಮೆಟ್ಟಿಲು ಹತ್ತಿದೆ. ಒಳಗೆ ಸಿ.ಡಿ.ಗೆ ಯಾವ ಹಾಡು ಹಾಕುವುದು ಎಂದು ಜಗಳ ನಡೆಯುತ್ತಿತ್ತು.

“ಎಂಟಕ್ಕೆ ಎಂಟೂ ಬೀದಿ ಹಾಡೇ ಇರ್ಲಿ ಮಗಾ. ಲವ್ ಸಾಂಗ್ ಹಾಕಿದ್ರೆ ಏರಿಯಾದಲ್ಲಿ ಮಾನ ಹೋಗುತ್ತೆ,” ಎಂದು ಒಬ್ಬ.

“ನಿನ್ ಮಾನಾನ ಎಫ್‌ಎಂನೋರು ಹಾಕ್ತಾರಾ ಗುರು? ಜನ ಕೇಳೋದು ಬೇಡ್ವಾ?” ಎಂದು ಇನ್ನೊಬ್ಬ.

“ಇಬ್ರೂ ಬಾಯ್ಮುಚ್ಚಿ,” ಎಂದಳು ಮೊಮ್ಮಗಳು. “ನಾಲ್ಕು ಅದು, ನಾಲ್ಕು ಇದು. ನಮ್ ಬೀದಿಯೋರು ಇದು ನಮ್ದು ಅನ್ಬೇಕು, ಮದುವೆ ಮನೇಲೂ ಹಾಕ್ಬೇಕು. ಎರಡೂ ಆಗ್ಲೇಬೇಕು.”

“ಅಜ್ಜಿ, ನೀವೇ ಹೇಳಿ,” ಎಂದ ಮೊದಲನೆಯವನು.

“ಮೊದ್ಲು ಆ ಹಾಸಿಗೇನ ಬಿಸಿಲಿಗೆ ಹಾಕ್ರೋ. ನಾತ ಹೊಡೀತಿದೆ,” ಎಂದು ಹೇಳಿ ಇಳಿದು ಬಂದೆ. ಹುಡುಗರು ಒಳ್ಳೆಯವರೇ ಎಂದು ಸೊಸೆಗೂ ಹೇಳಿದೆ.

ಬೀದಿ ಹಾಡುಗಳಲ್ಲಿ ಒಂದು ರಸ್ತೆ ಅಗೆದು ಹಾಗೇ ಬಿಟ್ಟು ಹೋದ ಕಂಟ್ರಾಕ್ಟರನ ಮೇಲೆ, ಒಂದು ವೋಟಿಗೆ ಸೀರೆ ಹಂಚುವವರ ಮೇಲೆ, ಇನ್ನೊಂದು ಬಸ್ಸಿನಲ್ಲಿ ಮೈ ಮುಟ್ಟುವ ಗಂಡಸರ ಮೇಲೆ. ಮೂರನ್ನೂ ನನ್ನ ಮುಂದೆ ಹಾಡಿ ತೋರಿಸಿದ್ದಳು. ಬೈಗುಳ ಸ್ವಲ್ಪ ಖಾರ ಸಾಲದು ಎಂದು ನಾನೇ ಒಂದೆರಡು ಮಾತು ಸೇರಿಸಿಕೊಟ್ಟೆ. “ನೀನು ಬೈಯೋದೇ ತಾಳದಲ್ಲಿ ಕಣಜ್ಜಿ. ಉಸಿರು ಎಲ್ಲಿ ತಗೋತೀಯ ಅಂತಾನೇ ಗೊತ್ತಾಗಲ್ಲ,” ಎನ್ನುತ್ತಿದ್ದಳು. ಓದು ನನಗೆ ಮೂರನೇ ಕ್ಲಾಸಿಗೇ ನಿಂತಿತು, ಬಾಯಿ ನಿಲ್ಲಲಿಲ್ಲ. ಎದುರಿನವರಿಗೆ ನಡುವೆ ಮಾತು ತೂರಿಸಲು ಜಾಗ ಕೊಡಬಾರದು, ಅದೇ ಬೈಯುವುದರ ಗುಟ್ಟು. ಅವಳು ಹಾಗೆ ಹೊಗಳಿದಾಗ ನಾನು ಉಬ್ಬಿದ್ದು ನಿಜ.

ನಾಲ್ಕನೆಯದನ್ನು ಒಂದು ಭಾನುವಾರ ಮಧ್ಯಾಹ್ನ ಕೇಳಿಸಿದಳು. ಮೊಬೈಲಿನ ವೈರನ್ನು ನನ್ನ ಕಿವಿಗೆ ಸಿಕ್ಕಿಸಿ, “ಇದು ನೀನು ಹೂಂ ಅಂದ್ರೇನೇ ಹಾಕೋದು,” ಎಂದಳು. ಮೊದಲು ಡೋಲಿನ ಹಾಗೆ ಏನೋ ಬಡಿಯಿತು. ಆಮೇಲೆ ಬಂದದ್ದು ನನ್ನ ದನಿ.

“ಬಂದೋರು ಬಂದಂಗಿರ್ಬೇಕು! ನಿಮ್ಮೂರಲ್ಲಿ ನೀರಿಲ್ಲ ಅಂತ ಇಲ್ಲಿಗೆ ಬಂದ್ರಿ, ಈಗ ನಮ್ ನೀರಿಗೇ ಕೈ ಹಾಕ್ತೀರಾ?”

ಹಿಂದಿನ ಬಾಡಿಗೆ ಮನೆಯೊಂದರಲ್ಲಿ ಬಿಜಾಪುರದ ಕಡೆಯವರಿದ್ದರು. ಗಂಡ ಗಾರೆ ಕೆಲಸ, ಹೆಂಡತಿ ಗಾರ್ಮೆಂಟ್ಸಿಗೆ. ಒಂದು ದಿನ ಅವರ ಮಗುವಿಗೆ ರಾತ್ರಿಯೆಲ್ಲ ಭೇದಿ ಆಗಿ ಮನೆಯಲ್ಲಿ ಹನಿ ನೀರಿರಲಿಲ್ಲ. ಆ ಹೆಂಗಸು ನನ್ನ ಡ್ರಮ್ಮು ತುಂಬುವ ಮೊದಲೇ ತನ್ನ ಬಿಂದಿಗೆ ಇಟ್ಟಳು. ನಾನು ಅವಳ ಬಿಂದಿಗೆ ಎತ್ತಿ, ಅದರಲ್ಲಿದ್ದ ನೀರನ್ನು ನನ್ನ ಡ್ರಮ್ಮಿಗೆ ಸುರಿದುಕೊಂಡು, ಖಾಲಿ ಬಿಂದಿಗೆ ಅವಳ ಕೈಗೆ ಕೊಟ್ಟು ಬೈದೆ. ಹತ್ತು ನಿಮಿಷ ಬೈದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಮೊಮ್ಮಗಳು ಕಿಟಕಿಯಲ್ಲಿ ನಿಂತು ಅಷ್ಟನ್ನೂ ಮೊಬೈಲಿಗೆ ಹಿಡಿದುಕೊಂಡಿದ್ದಳು.

ಹಾಡಿನಲ್ಲಿ ಮೊಮ್ಮಗಳು ಆ ಹೆಂಗಸಾಗಿ ನನಗೆ ಉತ್ತರ ಕೊಡುತ್ತಿದ್ದಳು. ಅವತ್ತು ಆ ಹೆಂಗಸು ಹೇಳದೆ ನುಂಗಿದ ಒಂದೊಂದು ಮಾತನ್ನೂ, ನನ್ನದೇ ತಾಳದಲ್ಲಿ, ಉಸಿರು ಬಿಡದೆ. ‘ನಿನ್ನ ಡ್ರಮ್ಮು ತುಂಬಿತಲ್ಲ, ನನ್ನ ಕೂಸಿನ ಗಂಟಲು?’ ಎಂಬಲ್ಲಿಗೆ ಬರುವಾಗ ವೈರು ಕಿತ್ತು ಅವಳ ಮಡಿಲಿಗೆ ಎಸೆದೆ.

“ತೆಗಿ ಅದನ್ನ.”

“ಯಾಕೆ? ಸುಳ್ಳು ಹೇಳಿದೀನಾ?”

“ನಾಳೆ ಗಂಡಿನ ಕಡೆಯೋರು ಕೇಳಿದ್ರೆ? ಸಾಕಿದ ಅಜ್ಜೀನೇ ಬೀದಿಗೆ ಎಳೆದೋಳು, ಅತ್ತೇನ ಬಿಡ್ತಾಳಾ ಅಂತಾರೆ.”

“ಗಂಡು ಎಲ್ಲಿದಾನಜ್ಜಿ? ಇನ್ನೂ ಎಕ್ಸಾಮೇ ಮುಗಿದಿಲ್ಲ.”

“ನನ್ ದನಿ ನಂದು. ತೆಗಿ ಅಂದ್ರೆ ತೆಗಿ.”

“ಸರಿ ಬಿಡು,” ಎಂದು ಎದ್ದು ಹೋದಳು. ಮಾತು ಕೊಟ್ಟಿದ್ದಳಲ್ಲ, ಉಳಿಸಿಕೊಂಡಳು. ಗಂಡಿನ ಕಡೆಯವರ ಮಾತು ನಾನು ಆ ಗಳಿಗೆಗೆ ಹುಡುಕಿಕೊಂಡ ನೆಪ. ಆ ದನಿ ನನ್ನದು ಎಂದು ಒಪ್ಪಿಕೊಂಡು ಕೂರಲು ನನ್ನಿಂದ ಆಗಲಿಲ್ಲ, ಅಷ್ಟೇ ವಿಷಯ.

ಆ ಜಾಗಕ್ಕೆ ಇನ್ನೊಂದು ಪ್ರೀತಿಯ ಹಾಡು ಹಾಕಿದರು. ಸಿ.ಡಿ. ಬಂತು. ಆ ಪ್ರೀತಿಯ ಹಾಡುಗಳನ್ನು ಅವಳಿಗಿಂತ ಇಂಪಾಗಿ ಹಾಡುವವರು ಊರು ತುಂಬ ಇದ್ದರು. ಉಳಿದ ಮೂರು ಬೀದಿ ಹಾಡುಗಳಿಗೂ ಸತ್ವ ಹೋಗಿತ್ತು. ಕಂಟ್ರಾಕ್ಟರನನ್ನು ಬೈದಳು, ಬಸ್ಸಿನ ಗಂಡಸರನ್ನು ಬೈದಳು, ತನ್ನ ಮನೆಯದನ್ನು ಮಾತ್ರ ಬಚ್ಚಿಟ್ಟಳು. ಬೀದಿಯ ಜನಕ್ಕೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನು ತೆಗೆಸುವ ಮುಂಚೆಯೇ ಹೊಸಹಳ್ಳಿಯ ಹುಡುಗರು ನಲ್ಲಿ ಹಾಡನ್ನು ಬ್ಲೂಟೂತಿನಲ್ಲಿ ಯಾರಿಗೋ ಕಳಿಸಿದ್ದರು. ಅಲ್ಲಿಂದ ಅದು ಫೋನಿಂದ ಫೋನಿಗೆ ಹೋಗಿತ್ತು. ನನಗೆ ತಿಳಿದದ್ದು ರಾಜ್ಯೋತ್ಸವದ ದಿನ.

ಸಂಜೆ ಐದಕ್ಕೆ ಮೈದಾನದಲ್ಲಿ ಸ್ಟೇಜು, ಮೊಮ್ಮಗಳ ಹಾಡು. ಸಾಕಿದವಳು ಎಂದು ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಮೊಮ್ಮಗಳು ಎರಡು ಪ್ರೀತಿಯ ಹಾಡು ಹಾಡಿದಳು, ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಕೂಗಿದ. “ಅಕ್ಕಾ, ನಲ್ಲಿ ಹಾಡು!” ಇನ್ನೊಬ್ಬ ಕೂಗಿದ. ಆಮೇಲೆ ಮೈದಾನವೇ ಕೂಗಿತು. ಅವಳ ಮುಖ ಒಮ್ಮೆಲೇ ಅರಳಿದ್ದು ನಾನು ಕಂಡೆ. ಮೈಕು ಬಾಯಿಗೆ ಹಿಡಿದು ನನ್ನ ಕಡೆ ನೋಡಿದಳು.

ನಾನು ಹೂಂ ಎಂದು ತಲೆ ಆಡಿಸಿದ್ದರೆ ಸಾಕಿತ್ತು. ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಕೆಳಗೆ ನೋಡಿದೆ.

“ಅದು ಈ ಸಿ.ಡಿ.ಯಲ್ಲಿ ಇಲ್ಲ,” ಎಂದಳು. ಶಿಳ್ಳೆ ಬಿತ್ತು. “ಮನೇಲಿ ಕೇಳ್ಕೊಂಡ್ ಬಾ ಹೋಗಕ್ಕಾ!” ಎಂದು ಯಾರೋ ಅಂದರು, ಜನ ನಕ್ಕರು. ಮೂರನೆಯ ಹಾಡನ್ನು ಅರ್ಧಕ್ಕೆ ಬಿಟ್ಟು ಇಳಿದಳು. ಆಮೇಲೆ ಅವಳು ಎಲ್ಲೂ ಹಾಡಲಿಲ್ಲ. ಈಗ ಅವಳಿಗೆ ಒಳ್ಳೆಯ ಕೆಲಸವಿದೆ, ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ. ಹಾಡಿನ ಮಾತು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ರಾಜ್ಯೋತ್ಸವದ ಮರುದಿನ ಬೆಳಿಗ್ಗೆ ಬೇಗ ಎದ್ದು ಹಿಂದಿನ ಬಿಜಾಪುರದವರ ಬಾಗಿಲು ತಟ್ಟಿದೆ. ಆ ಹೆಂಗಸು ಗಾಬರಿಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

“ಆ ಹಾಡು ನಿಮ್ ಹತ್ರ ಇದೆಯಾ?” ಎಂದೆ.

“ಐತ್ರಿ ಅಮ್ಮಾರ, ನಮ್ಮವರ ಫೋನಿನಾಗ. ನಿನ್ನಿ ಯಾಕ್ರಿ ಹಾಡ್ಲಿಲ್ಲ ಅಕ್ಕಾರು? ನಿಮ್ಮ ದನಿ ಭಾಳ ಚಂದ ಬಂದೈತಲ್ರಿ ಅದರಾಗ.”

ಕುಟುಕಿದಳೋ, ಮುಗ್ಧವಾಗಿ ಹೇಳಿದಳೋ, ಕೇಳುವ ಮುಖ ನನಗಿರಲಿಲ್ಲ. ಅವಳ ಹೊಸಿಲ ಮೇಲೆ ಕುಳಿತು ಪೂರ್ತಿ ಕೇಳಿದೆ. ಕೊನೆಯಲ್ಲಿ ಮೊಮ್ಮಗಳು ತನ್ನನ್ನೇ ಬೈದುಕೊಂಡಿದ್ದಳು. ಕಿಟಕಿಯಲ್ಲಿ ನಿಂತು ನೋಡಿದವಳು, ಆ ಡ್ರಮ್ಮಿನ ನೀರಲ್ಲೇ ತಲೆಗೆ ಸ್ನಾನ ಮಾಡಿ ಕಾಲೇಜಿಗೆ ಹೋದವಳು ಎಂದು.

ಮನೆಗೆ ಬಂದೆ. ಅವಳು ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು.

“ಆ ಹಾಡು ಸಿ.ಡಿ.ಗೆ ಹಾಕು,” ಎಂದೆ.

“ಎಲ್ಲಿಗೆ ಹಾಕ್ಲಿ ಅಜ್ಜಿ?” ಎಂದಳು, ತಿರುಗದೆ.

ಮೂಲೆಯಲ್ಲಿ ಮಾರದೆ ಉಳಿದ ಸಿ.ಡಿ.ಗಳ ಡಬ್ಬ ಇತ್ತು. ನಾನು ಅಡುಗೆಮನೆಗೆ ಹೋಗಿ ಅವಳ ಊಟದ ಡಬ್ಬಿಗೆ ಚಿತ್ರಾನ್ನ ಹಾಕಿದೆ.