ಹೊಟ್ಟಿನ ಒಲೆ ತುಂಬಿದ ವರ್ಷ

ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ತಮ್ಮ, ತಂಗಿಯರು ಒಂದೇ ಚಾಪೆಯ ಮೇಲೆ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದರು. ಗೋಡೆಯಾಚೆ ಪಕ್ಕದ ಮನೆಯ ಹುಬ್ಬಳ್ಳಿ ಕಡೆಯ ಅಕ್ಕನ ರೇಡಿಯೋ. ಸಂಜೆ ನಾವು ಜಪಸರ ಹಿಡಿದು ಮೊಣಕಾಲೂರಿದರೆ ನಮ್ಮ ಪ್ರಾರ್ಥನೆಯ ನಡುವೆ ರೇಡಿಯೋದ ರೈತರ ಕಾರ್ಯಕ್ರಮದಿಂದ ಕಡಲೆಕಾಯಿಗೆ ಬರುವ ರೋಗದ ವಿಷಯವೂ ಸೇರಿಕೊಳ್ಳುತ್ತಿತ್ತು.

ನಾನು ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸಕ್ಕಿದ್ದೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಬಸ್ ಹಿಡಿದು, ಕೆಂಗೇರಿ ಆಚೆಗಿದ್ದ ನಮ್ಮ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಹೋಗುವುದು ರೂಢಿಯಾಯಿತು. ಅವರು ಹಸು ಸಾಕುತ್ತಿದ್ದರು, ಹೊತ್ತು ಹೊತ್ತಿಗೆ ಒಟ್ಟಿಗೆ ನಿಂತು ಕೀರ್ತನೆ ಹಾಡುತ್ತಿದ್ದರು. ಮಿಕ್ಕಂತೆ ಮಾತೇ ಇಲ್ಲ. ಊಟದ ಮನೆಯಲ್ಲಿ ಲೋಟ ಕೆಳಗಿಟ್ಟ ಸದ್ದೂ ಕೇಳಿಸುತ್ತಿತ್ತು. ಇಲ್ಲೇ ಇದ್ದುಬಿಡಬೇಕು ಅನ್ನಿಸಿತು. ಇದೇ ದೇವರ ಕರೆ ಎಂದುಕೊಂಡೆ.

ಹೊಸಬರನ್ನು ನೋಡಿಕೊಳ್ಳುವ ಹಿರಿಯ ಸನ್ಯಾಸಿಗಳ ಮುಂದೆ ಹೇಳಿಯೂಬಿಟ್ಟೆ. ಅವರು ಆಗ ತೋಟದಲ್ಲಿ ಅವರೆ ಬಳ್ಳಿಗೆ ಕಡ್ಡಿ ಕಟ್ಟುತ್ತಿದ್ದರು.

“ಮನೇಲಿ ಗಲಾಟೆನಾ?”

“ತುಂಬಾ, ಫಾದರ್.”

“ಹಾಗಾದ್ರೆ ನಿನಗೆ ಬೇಕಾಗಿರೋದು ದೇವರಾ, ಗಲಾಟೆ ತಪ್ಪಿಸ್ಕೊಳ್ಳೋದಾ?”

ನಾನು ಬಗ್ಗಿ ಅವರಿಗೊಂದು ಕಡ್ಡಿ ಎತ್ತಿ ಕೊಟ್ಟೆ.

“ಮನೇಲಿ ಏನು ಕೆಲಸ ಮಾಡ್ತೀಯ?”

“ಸಂಬಳ ತಂದು ಕೊಡ್ತೀನಿ.”

ಅವರು ನಕ್ಕುಬಿಟ್ಟರು. “ಒಂದು ಕೆಲಸ ಹಿಡ್ಕೋ. ಒಂದು ವರ್ಷ ದಿನಾ ಮಾಡು. ಆಮೇಲೂ ಬರ್ಬೇಕು ಅನ್ನಿಸಿದ್ರೆ ಬಾ.”

ನಾನು ಹಿಡಿದದ್ದು ಬಚ್ಚಲುಮನೆಯಲ್ಲಿ ಸ್ನಾನದ ನೀರು ಕಾಯಿಸುವ, ದಿನಾ ಅಮ್ಮ ತುಂಬುತ್ತಿದ್ದ ಹೊಟ್ಟಿನ ಒಲೆಯನ್ನು. ಅದೊಂದು ತಗಡಿನ ಡಬ್ಬ, ಕೆಳಗೆ ಪಕ್ಕದಲ್ಲಿ ಒಂದು ತೂತು. ನಡುವೆ ಖಾಲಿ ಬಾಟಲಿ ನಿಲ್ಲಿಸಿ, ತೂತಿನಲ್ಲಿ ಒಂದು ಕೋಲು ತೂರಿಸಿ, ಸುತ್ತಲೂ ಮರದ ಹೊಟ್ಟು ತುಂಬಬೇಕು. ಆಮೇಲೆ ಎರಡನ್ನೂ ಮೆಲ್ಲಗೆ ಎಳೆದರೆ ಬೆಂಕಿ ಓಡಾಡಲು ದಾರಿ ಉಳಿಯುತ್ತದೆ. ಮಾಗಡಿ ರೋಡಿನ ಸಾಮಿಲ್‌ನಿಂದ ಸೈಕಲ್ಲಿನ ಮೇಲೆ ಹೊಟ್ಟಿನ ಮೂಟೆ ತಂದೆ. ಅಮ್ಮ ಬೆರಗಾಗಿ ನೋಡುತ್ತಾ ನಿಂತಳು.

“ಗುದ್ದಬೇಡ ಕಣೋ, ಒತ್ತು. ಸುತ್ತಾ ಒತ್ಕೊಂಡು ಬಾ.”

ನಾನು ಗುದ್ದಿಯೇ ತುಂಬಿದೆ. ಬೆಳಿಗ್ಗೆ ಹೊಟ್ಟು ಕುಸಿದು ಮನೆಯೆಲ್ಲ ಹೊಗೆ. ತಣ್ಣೀರು ಸುರಿದುಕೊಂಡ ಅಪ್ಪ ಬಚ್ಚಲಿನಿಂದಲೇ ಕೂಗಿದರು: “ಲೇತಲ್ಲಿ ಕೂದಲೆಳೆ ಅಳತೆ ಹಿಡೀತಾನಂತೆ! ಒಲೆ ತುಂಬಕ್ಕೆ ಬರಲ್ಲ!”

ಗೋಡೆಯಾಚೆಯ ಅಕ್ಕ ಬೇರೆಯದೇ ಲೆಕ್ಕ ಹಾಕಿದಳು. “ಏನ್ರಿ, ನಿಮ್ಮ ಮಗ ಒಲಿ ತುಂಬಾಕ ಹತ್ಯಾನ! ಹುಡುಗಿ ಗಿಡುಗಿ ನೋಡ್ಯಾನೇನ, ಕೇಳ್ರಿ.”

ಅಮ್ಮ ಕೇಳಿಯೇಬಿಟ್ಟಳು. “ಯಾರೋ ಅವಳು? ನಮ್ಮ ಚರ್ಚಿನವರೇ ತಾನೆ?”

ಮಠ ಸೇರುವ ಆಸೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಹುಣಸೆಹಣ್ಣು ಕಿವುಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ನಮ್ಮ ಜೊತೆ ಇರೋದು ಅಷ್ಟು ಕಷ್ಟನೇನೋ ನಿನಗೆ?” ಎಂದಳು. ಫಾದರ್ ಕೇಳಿದ್ದನ್ನೇ ಇವಳೂ ಕೇಳಿದ್ದಳು. ನಾನೆದ್ದು ಹೊಟ್ಟಿನ ಮೂಟೆ ಬಿಚ್ಚಿದೆ.

ದಿನಗಳು ಹೋದವು. ಒದ್ದೆ ಹೊಟ್ಟು ಯಾವುದು, ಒಣಗಿದ್ದು ಯಾವುದು ಎಂದು ಬೆರಳಿಗೆ ತಿಳಿಯತೊಡಗಿತು. ಒತ್ತುತ್ತಾ ಒತ್ತುತ್ತಾ ಮನಸ್ಸಿನಲ್ಲೇ ಜಪ ನಡೆಯುತ್ತಿತ್ತು. ಚಾಪೆಯ ಪಾಠ, ರೇಡಿಯೋ, ಅಪ್ಪನ ಕೆಮ್ಮು ಎಲ್ಲ ಅದರ ಜೊತೆಗೇ ಸಾಗುತ್ತಿದ್ದವು.

ಒಂದು ಸಂಜೆ ಬಾಟಲಿ ನಿಲ್ಲಿಸಿ ಕೂತರೆ ಕೈ ಏಳಲಿಲ್ಲ. ಏನೋ ಕಡಿಮೆಯಾಗಿತ್ತು. ಮಾರನೆಯ ದಿನವೂ ಹಾಗೇ. ಎದ್ದು ಹೋಗಿ ಪಕ್ಕದ ಬಾಗಿಲು ತಟ್ಟಿದೆ.

“ಅಕ್ಕಾ, ರೇಡಿಯೋ ಯಾಕೆ ಹಾಕ್ತಿಲ್ಲ?”

“ಕೆಟ್ಟೈತಪ್ಪ. ನಿನಗ ಪಾಡಾತಲ್ಲ ಬಿಡು!”

ಪಾಡಾಗಿರಲಿಲ್ಲ, ಒಳ್ಳೆಯದೇನೂ ಆಗಿರಲಿಲ್ಲ. ಅದು ತಿಳಿದು ನನಗೇ ನಗು ಬಂತು. ಹಿಂದೆಯೇ ಸಣ್ಣ ಭಯವೂ ಬಂತು. ಗಲಾಟೆಯೇ ಹಿಡಿಸಿತೆಂದರೆ ಮಠವೇಕೆ? ಒಲೆಯ ಮುಂದೆ ಮತ್ತೆ ಕೂತು ಹುಡುಕಿ ನೋಡಿಕೊಂಡೆ. ಹೋಗಬೇಕೆನ್ನುವ ಆಸೆ ಅಲ್ಲೇ ಇತ್ತು. ಅವಸರ ಮಾತ್ರ ಇರಲಿಲ್ಲ.

ವರ್ಷ ತುಂಬಿದಾಗ ಅಮ್ಮನಿಗೆ ಹೇಳಿದೆ. “ಕಷ್ಟ ಆಗಿ ಅಲ್ಲಮ್ಮ. ಇಲ್ಲಿ ಚೆನ್ನಾಗೇ ಇದೀನಿ. ಆದ್ರೂ ಹೋಗ್ಬೇಕು ಅನ್ಸುತ್ತೆ.”

ಅವಳು ನನ್ನ ಮುಖವನ್ನೇ ನೋಡಿದಳು. “ಹಾಗಿದ್ರೆ ಹೋಗು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೋಗೋಕೆ ಮುಂಚೆ ನಿಮ್ಮಪ್ಪಂಗೆ ಒಲೆ ತುಂಬೋದು ಕಲಿಸಿ ಹೋಗು. ನನ್ನ ಕೈಗೆ ಅಭ್ಯಾಸ ತಪ್ಪಿದೆ.”

ಸುದ್ದಿ ತಿಳಿದ ಅಕ್ಕನಿಗೆ ಮಾತ್ರ ಸಮಾಧಾನವಿಲ್ಲ. “ನಮ್ಮ ಕಡಿ ಮರಿಸ್ವಾಮಿ ಆಗಾಕ ಹೊಂಟ್ರ ಊರೆಲ್ಲಾ ಮೆರವಣಿಗಿ ಮಾಡ್ತಾರ. ನೀವು ಬರೇ ಸಿಟಿ ಬಸ್ ಹತ್ತಸ್ತೀರೇನು?”

ಹೊರಡುವ ಹಿಂದಿನ ಸಂಜೆ ಅಪ್ಪ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ರಿಪೇರಿಯಾಗಿ ಬಂದಿದ್ದ ರೇಡಿಯೋ ಗೋಡೆಯಾಚೆ ಜೋರಾಗಿ ಹಾಡುತ್ತಿತ್ತು. ಅವರು ಮುಷ್ಟಿ ಬಿಗಿಹಿಡಿದು ಹೊಟ್ಟಿನ ಮೇಲೆ ಎತ್ತಿದರು.

“ಗುದ್ದಬೇಡಿ ಅಪ್ಪಾ,” ಎಂದೆ. “ಒತ್ತಿ.”